ಇಷ್ಮಾಯೇಲನಿಗೆ ಸುದ್ದಿ ಯಾರು ಮುಟ್ಟಿಸಿದರು

ಡ್ಯಾನಿ ಅಣ್ಣ,

ಹೊನ್ನಾಳಿಗೆಲ್ಲ ನಮ್ಮದೊಂದೇ ಯೆಹೂದಿ ಮನೆ. ಅಪ್ಪ ಹೋದ ಮೇಲೂ ಇಲ್ಲಿ ಶನಿವಾರದ ತೋರಾ ಗ್ರಂಥದ ಪಾಠ ನಿಂತಿಲ್ಲ, ಈಗ ಓದುವವಳು ನಾನು. ನಿನ್ನೆ ಅಬ್ರಹಾಮ ತೀರಿಕೊಳ್ಳುವ ಪಾಠ ಬಂತು. ಮನೆಯಲ್ಲೇ ಉಳಿದ ಇಸಾಕ, ಅಪ್ಪನೇ ಮನೆಯಿಂದ ಹೊರಗೆ ಹಾಕಿದ್ದ ಇಷ್ಮಾಯೇಲ, ಅಣ್ಣತಮ್ಮ ಇಬ್ಬರೂ ಸೇರಿ ಅಪ್ಪನನ್ನು ಮಣ್ಣು ಮಾಡಿದರು ಎಂಬಲ್ಲಿಗೆ ನಿಲ್ಲಿಸಿದೆ.

ಪಾಠ ಮುಗಿದ ಮೇಲೆ ಮನೆಯ ಚಿಕ್ಕವರು ಒಂದು ಪ್ರಶ್ನೆ ಕೇಳಬೇಕು, ಉತ್ತರ ಸಿಗುವ ತನಕ ಪುಸ್ತಕ ಮುಚ್ಚಬಾರದು. ಅಪ್ಪನ ಈ ಕಟ್ಟಳೆ ನಿನಗೆ ಮರೆತಿರಲಾರದು. ನಿನ್ನ ಪ್ರಶ್ನೆಗಳಿಂದ ಎಷ್ಟು ಸಲ ನಮ್ಮ ಊಟ ಆರಿಹೋಗಿದೆ.

ನನ್ನ ಮಗಳು ಲೇಯಾ, ಅಪ್ಪ ನಿನ್ನನ್ನು ಹೊರಗೆ ಹಾಕಿದ ಮೇಲೆ ಹುಟ್ಟಿದವಳು, ಕೇಳಿದಳು: “ಇಷ್ಮಾಯೇಲ ದೂರ ಇದ್ದನಲ್ಲಮ್ಮ. ಅವನಿಗೆ ಸುದ್ದಿ ಯಾರು ಮುಟ್ಟಿಸಿದ್ರು?”

“ಪುಸ್ತಕದಾಗೆ ಬರ್ದಿಲ್ಲ ಕಣೆ.”

“ಹಂಗಾದ್ರೆ ಇಸಾಕನೇ ಹುಡುಕ್ಕೊಂಡು ಹೋಗಿರ್ಬೇಕು.”

ಅಮ್ಮ ಎದ್ದು ಅಡುಗೆಮನೆಗೆ ಹೋದಳು.

ಅಪ್ಪ ಹೋದ ದಿನ ನಿನ್ನ ನಂಬರಿಗೆ ಫೋನ್ ಮಾಡಿದ್ದೆ. ಎತ್ತಿದವರು ಚನ್ನಗಿರಿಯ ಯಾರೋ ಅಡಿಕೆ ವ್ಯಾಪಾರಿ. “ಈ ನಂಬರ್ ನಾಕೈದು ವರ್ಷದಿಂದ ನಂದೇ ಐತಲ್ರೀ,” ಎಂದರು. ಅಷ್ಟು ವರ್ಷ ಆ ನಂಬರು ನನ್ನ ಫೋನಿನಲ್ಲೇ ಇತ್ತು, ಒಂದು ಸಲವೂ ಒತ್ತಿರಲಿಲ್ಲ. ಈ ಕಾಗದ ಯಾವ ವಿಳಾಸಕ್ಕೆ ಹಾಕಬೇಕೋ ಅದೂ ಗೊತ್ತಿಲ್ಲ.

ಇವತ್ತು ಭಾನುವಾರ. ಪುಸ್ತಕ ಮೇಜಿನ ಮೇಲೆ ತೆರೆದೇ ಇದೆ. ಧೂಳು ಕೂರದಿರಲೆಂದು ಅಮ್ಮ ಅದರ ಮೇಲೆ ಅಪ್ಪನ ಟವೆಲ್ ಹೊದಿಸಿದ್ದಾಳೆ. ಮುಚ್ಚಿಬಿಡು ಎಂದು ಮಾತ್ರ ಹೇಳುತ್ತಿಲ್ಲ.

ಹನ್ನಾ