ಟೆಸ್ಟರ್ ಕೊಟ್ಟ ಸೊನ್ನೆ

ಫೆಬ್ರವರಿ 6, 1989. ಸೋಮವಾರ

ಹೈ-ವೋಲ್ಟೇಜ್ ಟೆಸ್ಟರ್‌ನ ಪ್ರೋಗ್ರಾಮ್ ತಿದ್ದುವುದರಲ್ಲೇ ಬೆಳಿಗ್ಗೆ ಕಳೆಯಿತು. ಅದನ್ನು ನಡೆಸುವ ಫೋಲ್ಕರ್ ಮತ್ತೆ ತನ್ನ ಪುರಾಣ ತೆಗೆದ. ಟೆಸ್ಟ್ ಪೆಟ್ಟಿಗೆಯ ಬಾಗಿಲು ತೆರೆದರೆ ಅಲಾರಂ ಕೂಗಿಸುವ ಸ್ವಿಚ್ ಸಡಿಲವಂತೆ. "ನಿನ್ನ ಟೆಸ್ಟರ್‌ಗಿಂತ ನಮ್ಮತ್ತೆ ಎಷ್ಟೋ ವಾಸಿ ಕಣೆ ರೋಸಿ. ಬಾಗಿಲು ತೆಗೆದ್ರೆ ಸಾಕು, ಬಾಯಿ ಮಾಡ್ತಾಳೆ!" ನನ್ನ ಬ್ರೆಟ್ಸೆಲ್ ಬ್ರೆಡ್ಡಿನಲ್ಲಿ ಅರ್ಧ ಮುರಿದುಕೊಂಡು ಹೋದ. ದಿನವೂ ಇದೇ ಕಳ್ಳತನ.

ಫೆಬ್ರವರಿ 9

ಫೋಲ್ಕರ್ ಹೋಗಿಬಿಟ್ಟ. ಬಾಗಿಲು ತೆರೆದಿತ್ತು. ಕೈ ಒಳಗಿತ್ತು. ಕರೆಂಟ್ ಹರಿಯುತ್ತಲೇ ಇತ್ತು.

ಬರೆಯಲಾರೆ.

ಫೆಬ್ರವರಿ 16

ನಿನ್ನೆ ಮಣ್ಣಾಯಿತು. ಅವನ ಹೆಂಡತಿ ಗೆರ್ಲಿಂಡೆ ಅಳಲೇ ಇಲ್ಲ. ನೋಡಲಾಗಲಿಲ್ಲ.

ಇವತ್ತು ಕ್ಯಾಂಟೀನ್‌ನಲ್ಲಿ ನಮ್ಮ ಮ್ಯಾನೇಜರ್ ಡಾಕ್ಟರ್ ಸ್ಟ್ರೆಕರ್: "ಕಿರಿಕಿರಿ ಅಂತ ಫೋಲ್ಕರ್ ಅವರೇ ಅಲಾರಂ ಆಫ್ ಮಾಡಿರ್ತಾರೆ. ಇಲ್ಲಾ, ಅದು ಕೂಗಿದ್ರೂ ಕೈ ಹಾಕಿರ್ತಾರೆ." ತಟ್ಟೆ ಬಿಟ್ಟು ಎದ್ದೆ.

ಸ್ವಿಚ್ ಕರಗಿಹೋಗಿದೆ. ಕಂಪ್ಯೂಟರೂ ಸುಟ್ಟಿದೆ. ಆದರೆ ಟೆಸ್ಟರ್ ಬೇರೆ ಕರೆಂಟ್ ಲೈನಿನದು, ಇನ್ನೂ ಆನ್ ಇದೆ. ಅದರೊಳಗೆ ಎರಡು ರಿಜಿಸ್ಟರ್, ಅಂದರೆ ನೆನಪಿನ ಖಾನೆಗಳು. ಮಾಸ್ಕ್ — ಯಾವುದಕ್ಕೆ ಕೂಗಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂದು ನಾವು ಹೇಳಿಟ್ಟದ್ದು. ಸ್ಟೇಟಸ್ — ಏನು ನಡೆಯಿತೆಂದು ಅದೇ ಹಿಡಿದಿಟ್ಟುಕೊಂಡದ್ದು. ಬಾಗಿಲು ತೆರೆದದ್ದು ಅದಕ್ಕೆ ತಿಳಿದಿದ್ದರೆ ಅಲ್ಲಿ 'ಒಂದು' ಎಂಬ ಅಂಕೆ ಇರುತ್ತದೆ. ಸ್ವಿಚ್ ಕೆಟ್ಟಿದ್ದರೆ ಸೊನ್ನೆ. ಆದರೆ ಸ್ಟೇಟಸ್ ಅನ್ನು ಓದಿದರೆ ಅಳಿಯುತ್ತದೆ. ಸಿಗುವುದು ಒಂದೇ ಸಲ.

ಸುರಕ್ಷತಾ ಅಧಿಕಾರಿ ಹೆರ್ ನೇಗೆಲೆಗೆ ಫೋನ್ ಮಾಡಿದೆ. "ನಾನು ಬರೋವರೆಗೂ ಯಾರೂ ಮುಟ್ಟಬೇಡಿ, ಫ್ರೌ ಮೋಕ್," ಅಂದರು.

ಫೆಬ್ರವರಿ 21, ಬೆಳಿಗ್ಗೆ

ಇವತ್ತು ಎಲ್ಲರೆದುರು ಓದುವುದು. ಗೆರ್ಲಿಂಡೆಯೂ ಬರುತ್ತಾಳೆ. ಬೇರೆ ಕಂಪ್ಯೂಟರ್ ಜೋಡಿಸಿದ್ದೇನೆ. ಪುಟ್ಟ ಪ್ರೋಗ್ರಾಮ್, ನಾಲ್ಕೇ ಸಾಲು. ದೇವರೇ, ಸೊನ್ನೆ ಬರಲಿ.

ಸಂಜೆ

ಮಾಸ್ಕ್: ಬಾಗಿಲಿನ ಅಲಾರಂ ಆನ್ ಆಗಿಯೇ ಇತ್ತು. ಫೋಲ್ಕರ್ ಆಫ್ ಮಾಡಿರಲಿಲ್ಲ.

ಸ್ಟೇಟಸ್: ಸೊನ್ನೆ.

ನೇಗೆಲೆ ಕನ್ನಡಕ ತೆಗೆದು ಗೆರ್ಲಿಂಡೆಯತ್ತ ತಿರುಗಿದರು. "ಅಂದ್ರೆ ಸ್ವಿಚ್ಚೇ ಕೈಕೊಟ್ಟಿದೆ. ತಪ್ಪು ನಿಮ್ಮ ಯಜಮಾನರದ್ದಲ್ಲಮ್ಮ." ಸ್ಟ್ರೆಕರ್ ಇಂಗು ತಿಂದ ಮಂಗನಂತೆ ನಿಂತಿದ್ದ. ಗೆರ್ಲಿಂಡೆ ನನ್ನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ಮಕ್ಕಳಿಗೆ ಹೇಳ್ತೀನಿ ರೋಸಿ... ನಿಮ್ಮಪ್ಪ ಏನೂ ಎಡವಟ್ಟು ಮಾಡ್ಲಿಲ್ಲ ಅಂತ."

ನಾನೂ ಅತ್ತೆ. ಅವಳ ಭುಜದಾಚೆ ಕಂಪ್ಯೂಟರಿನ ಪರದೆ ಕಾಣುತ್ತಿತ್ತು. ನನ್ನ ನಾಲ್ಕು ಸಾಲು. ಮೊದಲನೆಯದು —

ಹಳೆಯದನ್ನೆಲ್ಲ ಅಳಿಸು.

ಎಲ್ಲ ಪ್ರೋಗ್ರಾಮನ್ನೂ ಹಾಗೇ ಶುರು ಮಾಡುತ್ತೇನೆ. ಹೊಸಬರಿಗೂ ಹಾಗೇ ಕಲಿಸುತ್ತೇನೆ. ಬೆರಳು ತಾನಾಗಿ ಟೈಪ್ ಮಾಡಿದೆ, ತಲೆಗೆ ಹೊಳೆದೇ ಇಲ್ಲ. ಆ ಸಾಲಿನಿಂದ ಮಾಸ್ಕ್‌ಗೆ ಏನೂ ಆಗುವುದಿಲ್ಲ. ಸ್ಟೇಟಸ್ ಮಾತ್ರ ಅಳಿದುಹೋಗುತ್ತದೆ. ಒಳಗೆ 'ಒಂದು' ಇದ್ದಿದ್ದರೂ ಬರುತ್ತಿದ್ದದ್ದು ಸೊನ್ನೆಯೇ.

ಯಾರಿಗೂ ಗೊತ್ತಾಗಲಿಲ್ಲ. ಸ್ಟ್ರೆಕರ್‌ಗೂ.

ಮಾರ್ಚ್ 3

ಗೆರ್ಲಿಂಡೆ ಬಂದಿದ್ದಳು. ಮನೆಯಲ್ಲೇ ಮಾಡಿದ ಮೌಲ್ಟಾಶೆ, ಮಾಂಸ ತುಂಬಿದ ಕಡುಬು, ತಂದಿದ್ದಳು. "ನೀನಿಲ್ಲದಿದ್ರೆ ಅವರು ಅವನನ್ನ ಇನ್ನೊಂದ್ಸಲ ಸಾಯಿಸ್ತಿದ್ರು," ಅಂದಳು. ಹೇಳಿಬಿಡೋಣವೆಂದು ಬಾಯಿ ತೆರೆದೆ. "ತಿನ್ನು, ಆರಿಹೋಗತ್ತೆ," ಅಂತ ಬಡಿಸಿದಳು. ತಿಂದೆ.

ಫೋಲ್ಕರ್ ಸುಳ್ಳು ಹೇಳುವವನಲ್ಲ. ಸ್ವಿಚ್ ಸಡಿಲ ಅಂದಿದ್ದ. ಸೊನ್ನೆಯೇ ಇದ್ದಿರಬೇಕು... ಇದ್ದಿರಬೇಕು. ಟೆಸ್ಟರ್ ಅವನಿಗೋಸ್ಕರ ಅಷ್ಟು ದಿನ ಹಿಡಿದಿಟ್ಟುಕೊಂಡಿತ್ತು, ನಾನು ಒಂದು ಸಾಲಿನಲ್ಲಿ ಒರೆಸಿ ಹಾಕಿದೆ. ಹೇಳಿದರೂ ನಿಜ ಮರಳಿ ಬರುವುದಿಲ್ಲ. ಅವನ ಹೆಸರು ಮಾತ್ರ ಮತ್ತೆ ಸ್ಟ್ರೆಕರ್‌ನ ಬಾಯಿಗೆ ಬೀಳುತ್ತದೆ.

ಮಾರ್ಚ್ 6

ನೇಗೆಲೆ ಫೋನ್ ಮಾಡಿದ್ದರು. ವರದಿಗೆ ಸಹಿ ಹಾಕುತ್ತಾರಂತೆ. "ಇನ್ನೇನಾದ್ರೂ ಹೇಳೋದಿದ್ಯಾ, ಫ್ರೌ ಮೋಕ್?"

ರಿಸೀವರ್ ಅನ್ನು ಇನ್ನೊಂದು ಕಿವಿಗೆ ಹಿಡಿದೆ. "ಲೈನಲ್ಲಿದ್ದೀರಾ?" ಅಂದರು.

ಇದ್ದೀನಿ, ಅಂದೆ. ಆಮೇಲೆ ಅಂದೆ —