ಅಣಬೆಯ ಪಕ್ಕದ ಹೆಬ್ಬೆರಳು

ರಿಚರ್ಡ್‌ಸನ್, ಏಪ್ರಿಲ್

ಪ್ರೀತಿಯ ಅಪ್ಪ,

ಫೋನ್ ಇದ್ದೂ ಪತ್ರ ಬರೆಯುತ್ತಿದ್ದೇನೆ, ಸಾರಿ. ಫೋನಿನಲ್ಲಾದರೆ ನಾನು 'ಫೈನ್ ಅಪ್ಪ' ಅಂದು ಇಟ್ಟುಬಿಡುತ್ತೇನೆ.

ಕಾಲೇಜಿನ ಸ್ಪ್ರಿಂಗ್ ಬ್ರೇಕ್ ರಜೆಗೆ ರೌಂಡ್ ರಾಕ್‌ನ ನಿಮ್ಮ ಮನೆಗೆ ಬಂದಾಗ ಹಿತ್ತಲಲ್ಲಿ ಕ್ಯಾಮೆರಾದ ಲೆನ್ಸನ್ನು ಹಿಂದುಮುಂದಾಗಿ ಹಿಡಿದು ಕ್ಲೋಸ್‌ಅಪ್ ಫೋಟೋ ತೆಗೆದೆನಲ್ಲ, ಬ್ಲೂಬಾನೆಟ್ ಹೂಗಳೆಲ್ಲ ಗಾಳಿಗೆ ಅಲುಗಿ ಮಸುಕಾಗಿವೆ. ಚೆನ್ನಾಗಿ ಬಂದಿರುವುದು ನಲ್ಲಿಯ ಪಕ್ಕದ ಅಣಬೆ ಒಂದೇ. ನೀವು ಹುಲ್ಲಿನ ಮೇಲೆ ಮಂಡಿಯೂರಿ, ಬೆಳಕು ಬೀಳಲೆಂದು ಬಿಳಿ ತಟ್ಟೆ ಹಿಡಿದು, "ಈಗ ಉಸಿರು ಬಿಡ್ಲೇನೇ?" ಅಂದಿರಲ್ಲ, ಆ ಫೋಟೋ. ಅಂಚಿನಲ್ಲಿ ನಿಮ್ಮ ಹೆಬ್ಬೆರಳೂ ಬಂದಿದೆ. ಕ್ಯಾಮೆರಾ ಕ್ಲಬ್ಬಿನವರು ಅದನ್ನು ಕ್ರಾಪ್ ಮಾಡು ಅಂದರು. ನಾನು ಮಾಡಲಿಲ್ಲ.

ಫ್ರಿಜ್ ತೆಗೆಯುವುದಕ್ಕೂ ನಾನು ಪರ್ಮಿಷನ್ ಕೇಳಿದಾಗ, "ಇದು ಹಾಸ್ಟೆಲ್ ಅಲ್ಲ ಪುಟ್ಟಾ" ಅಂದು ನಕ್ಕಿರಿ. ಇಷ್ಟು ವರ್ಷ ನೀವು ಈ ದೇಶದಲ್ಲಿ, ನಾನು ಮೈಸೂರಿನ ಹಾಸ್ಟೆಲಿನಲ್ಲಿ ಇದ್ದೆವಲ್ಲ. ಅಭ್ಯಾಸ ಇನ್ನೂ ಹೋಗಿಲ್ಲ ಅಪ್ಪ. ರಜೆಗೆ ಯಾರ ಮನೆಗೆ ಹೋಗುತ್ತೇವೆಂದು ವಾರ್ಡನ್‌ಗೆ ಮೊದಲೇ ಬರೆದುಕೊಡಬೇಕಿತ್ತು. ಪ್ರತಿ ವರ್ಷವೂ ಅತ್ತೆಯ ಮನೆ ಅಂತಲೇ ಬರೆಯುತ್ತಿದ್ದೆ.

ಈ ಬೇಸಿಗೆ ರಜೆ ಪೂರ್ತಿ ನಿಮ್ಮ ಜೊತೆ ಇರಲೇ? ಅಡ್ಜಸ್ಟ್ ಆಗದಿದ್ದರೆ ಪರವಾಗಿಲ್ಲ, ಇಲ್ಲೇ ಅಪಾರ್ಟ್‌ಮೆಂಟಿನಲ್ಲಿ ಉಳಿಯುತ್ತೇನೆ. ರೂಮ್‌ಮೇಟ್‌ಗೆ ಹೇಳಬೇಕು, ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ ಮಗಳು,
ಅಹಲ್ಯಾ