ಐದು ಚಿಪ್ಪು, ಒಂದು ಚಿಪ್

ಬಿಳಿಚೋಡು
ಗುರುವಾರ, 13 ನವೆಂಬರ್ 2025

ಮಗಳು ಅಕ್ಷಿತಾಳಿಗೆ ಅಮ್ಮನ ಜೈಭೀಮ್.

ಚಿಪ್ಪಿನ ಕಥೆಯನ್ನು ನನಗೆ ಮೊದಲು ಹೇಳಿದವಳು ನಿನ್ನ ಅಜ್ಜಿ ತಿಪ್ಪಮ್ಮ, ನೀನು ತೊಟ್ಟಿಲಲ್ಲಿದ್ದಾಗ. ನಿನಗೆ ನಾನು ಹೇಳಿರಲಿಲ್ಲ. ನಿನ್ನೆ ಸಂಜೆ ಹಾಲಿನ ಡೈರಿಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ.

ಮೊನ್ನೆ ನೀನು ಊರ ಆಸ್ಪತ್ರೆಯಲ್ಲಿ, ಮೂತ್ರಪಿಂಡ ಕೆಡುವ ಮೊದಲೇ ರಕ್ತದಲ್ಲಿ ಸುಳಿವು ಹಿಡಿಯುವ ಆ ಚಿಪ್ ಯಂತ್ರ ಇಟ್ಟುಕೊಂಡು ಇಡೀ ದಿನ ಕಾದೆ. ಒಬ್ಬರೂ ಬೆರಳು ಕೊಡಲಿಲ್ಲ. ನಾನೂ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದೆ. ಇಲ್ಲಿ ನಲವತ್ತು ಜನ ಸಿಗದಿದ್ದರೆ ನಾಲ್ಕು ವರ್ಷದ ಸಂಶೋಧನೆ ನಿಂತಂತೆಯೇ ಎಂದು ಹೇಳಿ, ಯಂತ್ರದ ಪೆಟ್ಟಿಗೆಯನ್ನು ನರ್ಸ್ ಮಮತಾಳಿಗೆ ಒಪ್ಪಿಸಿ, ಉಣ್ಣದೆ ನ್ಯಾಮತಿಗೆ ಹೊರಟುಹೋದೆ. "ಒಬ್ಬರಿಗೆ ಮುಟ್ಟಿಸಿದ ಚಿಪ್ಪನ್ನೇ ತೊಳೆದು ಇನ್ನೊಬ್ಬರಿಗೆ ಮುಟ್ಟಿಸ್ತಾರಂತೆ" ಎಂಬ ಮಾತು ಮೇಲುಕೇರಿಯ ಸಿದ್ದಲಿಂಗಮ್ಮನವರ ಮನೆಯಿಂದ ಹೊರಟಿತೆಂದು ನಿನ್ನ ಅನುಮಾನ.

ನೀನು ಹೋದ ಮೇಲೆ ಮಮತಾಳನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ಆಮೇಲೆ ಡೈರಿಗೆ ಹೋಗಿ ಕಥೆ ಶುರುಮಾಡಿದೆ.

ಹಿಂದೆ ಬಸ್‌ಸ್ಟ್ಯಾಂಡಿನ ಹೋಟೆಲಿನ ಹೊರಗೋಡೆಯಲ್ಲಿ ಒಂದು ತೆಂಗಿನ ಚಿಪ್ಪು ನೇತಾಡುತ್ತಿತ್ತು. ನಮ್ಮ ಕೇರಿಯವರು ಚಹಾ ಕುಡಿಯುವುದು ಅದರಲ್ಲೇ; ಕುಡಿದು, ತೊಳೆದು, ಮತ್ತೆ ಅಲ್ಲೇ ನೇತುಹಾಕಬೇಕು. ಎಷ್ಟು ತೊಳೆದರೂ ಅದು ಒಳಗಿನ ಲೋಟಗಳ ಸಾಲಿಗೆ ಸೇರಲಿಲ್ಲ. ಒಂದು ದಿನ ನಿನ್ನ ಅಜ್ಜಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಹೋಟೆಲಿನವರು ಇನ್ನೊಂದು ಕಟ್ಟಿದರು. ಅದನ್ನೂ ತಂದಳು. ಐದನೆಯದೂ ಹೋದ ಮೇಲೆ ಅವರೇ ಸೋತು ಲೋಟ ಕೊಟ್ಟರು.

ಸಿದ್ದಲಿಂಗಮ್ಮನವರು ಹಾಲಿನ ಕ್ಯಾನು ಕೆಳಗಿಟ್ಟರು. "ಅದು ನಮ್ಮ ಮಾವರ ಹೋಟ್ಲು ಕಣೇ! ಚಿಪ್ಪು ಕದ್ದೋರ್ನ ಸಾಯೋಗಂಟ ಬೈತಿದ್ರು."

"ಈಗ ಸಿಕ್ಕಳಲ್ಲ ಬಿಡ್ರಿ ಕಳ್ಳಿ" ಎಂದೆ. ಡೈರಿಯೆಲ್ಲ ನಕ್ಕಿತು. ಆಗ ಹೇಳಿದೆ: "ಅಕ್ಕಾರೆ, ಆ ಚಿಪ್ಪು ನಮಗಷ್ಟೇ ಇತ್ತು. ನನ್ನ ಮಗಳ ಚಿಪ್ ಎಲ್ಲರಿಗೂ ಒಂದೇ ಐತೆ. ಸೂಜಿ ಒಬ್ಬೊಬ್ರಿಗೂ ಹೊಸದು. ನಮ್ಮ ರಕ್ತದ ಹನಿ ಅದರ ಮೇಲೆ ಬೀಳ್ತೈತೆ, ಅದು ನಮ್ಮ ಮೈ ಮುಟ್ಟಂಗಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣ ಹಾಕ್ಯಾರೆ ಅದಕ್ಕೆ. ತೊಳೆದ ಮೇಲೆ ಪೂರಾ ಚೊಕ್ಕ ಆಗೈತಾ ಅಂತ ಯಂತ್ರಾನೇ ನೋಡ್ತೈತೆ."

"ಮೊದಲು ಯಾರು?" ಎಂದರು ಸಿದ್ದಲಿಂಗಮ್ಮನವರು.

"ನಾನು."

"ಹಂಗಾದ್ರೆ ನಿನ್ನ ಹಿಂದೇನೇ ನಾನು. ನಡುವೆ ಯಾರೂ ಬರಂಗಿಲ್ಲ!"

ಇವತ್ತು ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಸಿದ್ದಲಿಂಗಮ್ಮನವರು ಆಗಲೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಮಮತಾ ಮೊದಲು ಅವರನ್ನೇ ಕರೆದಳಂತೆ; ಹನುಮಂತಮ್ಮ ಬರಲಿ ಎಂದು ಕೂರಲೂ ಇಲ್ಲವಂತೆ. ಡೈರಿಯವರೆಲ್ಲ ಅವರ ಹಿಂದೆ ಸಾಲಾಗಿ ನಿಂತರು. ಮಧ್ಯಾಹ್ನಕ್ಕೆ ನಲವತ್ತಾರು ಜನ. ಪೆಟ್ಟಿಗೆಯ ಜೊತೆ ಈ ಕಾಗದವನ್ನೂ ಮಮತಾ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿನ್ನ ಅಮ್ಮ
ಹನುಮಂತಮ್ಮ

ಮರೆತಿದ್ದೆ: ಸಿದ್ದಲಿಂಗಮ್ಮನವರ ಮೇಲಿನ ಅನುಮಾನ ಬಿಡು. ನೀನು ಬರುವ ಮೊದಲು ಫೋನಿನಲ್ಲಿ ಚಿಪ್ ಎಂದಾಗ ನನಗೆ ಕೇಳಿಸಿದ್ದು ಚಿಪ್ಪು. ಎದೆ ಉರಿದುಹೋಯಿತು. ತೊಳೆದ ಚಿಪ್ಪಿನ ಆ ಮಾತನ್ನು ಡೈರಿಯಲ್ಲಿ ಮೊದಲು ಆಡಿದವಳು ನಾನೇ.